ಜುಂಜಮ್ಮನ ಎಡಗಣ್ಣು ಮತ್ತು ಸ್ವೀಡನ್ ಉಂಡೆ

ಅದೇ ನೋಡ್ರಿ ಅತ್ತೆಮ್ಮಾ, ಅದೇ! ಮೊದಲನೇ ತುತ್ತು ಬಾಯಿಗಿಟ್ಟ ಕೂಡಲೇ ನಿಮ್ಮ ಎಡಗಣ್ಣು ಮುಚ್ಚಿಕೊಳ್ತೈತಿ. ಬಲಗಣ್ಣು ಮಾತ್ರ ಗೋಡೆ ನೋಡ್ತಿರ್ತೈತಿ. "ಜುಂಜಮ್ಮ ಕಣ್ಣು ತೆರೆದಳೇನು?" ಅಂತ ಮಾವ ಕೇಳೋತನ ಮನಿಯಾಗ ಯಾರೂ ತಟ್ಟೆಗೆ ಕೈ ಹಾಕಂಗಿಲ್ಲ. ಆಮೇಲೆ "ಇದು ಸಂತಿ ಕುರಿ", ಇಲ್ಲಾ "ಇದು ನಮ್ಮ ಮಂದೆಯದು, ಶೇಂಗಾ ಬಳ್ಳಿ ಮೇದೈತಿ" ಅಂತ ತೀರ್ಪು ಕೊಡ್ತೀರಿ. ಏಳು ತಿಂಗಳಿಂದ ನೋಡ್ತೀನಿ, ಒಂದು ಸಲಾನೂ ತಪ್ಪಿಲ್ಲ...

ಇವತ್ತ್ಯಾಕ ಇಷ್ಟೊತ್ತು?

ಯಾಕ ನಗ್ತೀರಿ? ಆಕಾರ ನೋಡಿ? ಗುಂಡಗೇ ಬರಲಿ ಅಂತ ಅಂಗೈಗೆ ಎಣ್ಣೆ ಸವರಿಕೊಂಡು ಉರುಳಿಸೀನಿ.

ಅಲ್ರಿ, ಕೈಮ ಉಂಡೆ ನಿಮ್ದು. ಇದು ಸ್ವೀಡನ್ ದೇಶದ್ದು. ಸ್ವೀಡಿಶ್! ಮಾವ ಅದನ್ನ "ಸ್ವೀಟ್ ಡಿಶ್" ಅಂತ ಕೇಳಿಸಿಕೊಂಡು, ಸೊಸಿ ಸಿಹಿ ಮಾಡ್ಯಾಳ ಅಂತ ಬೆಳಗ್ಗಿಂದ ಬೀದಿಗೆಲ್ಲ ಸಾರ್ಯಾರ. ಪಕ್ಕದ ಮನಿ ನಾಗವೇಣಿ ಬಟ್ಟಲು ಹಿಡಕೊಂಡೇ ಬಂದಳು! ಏನ್ಮಾಡ್ಲಿ, ಕವಳಿ ಹಣ್ಣಿನ ಪಾಕ ಒಂದಿಷ್ಟು ಹಾಕಿ ಕಳಿಸಿದೆ... ಹೌದ್ರಿ, ಆ ದೇಶದವರು ಖಂಡದ ಜೊತೆ ಹಣ್ಣಿನ ಪಾಕಾನೇ ತಿಂತಾರ. ಅವರ ಹಣ್ಣು ಇಲ್ಲಿ ಸಿಗಂಗಿಲ್ಲ, ನಾನು ನಮ್ಮ ಗುಡ್ಡದ್ದು ಹಾಕೀನಿ. ಆ ಬಿಳಿ ರಸ? ಬೆಣ್ಣಿ, ಮೈದಾ, ಮೆಣಸು, ಹಾಲು. ಅಯ್ಯ, ಖಂಡಕ್ಕ ಹಾಲೇನು ಅಂತ ಮುಖ ಕಿವುಚಬ್ಯಾಡ್ರಿ! ಫೋನಿನಾಗ ಮೂರು ಸಲ ನೋಡಿ ಮಾಡೀನಿ.

ಊರಿಗಿಲ್ಲದ್ದು ಯಾಕಂದ್ರ... ಇವತ್ತು ಪುಟ್ಟಕ್ಕ ಬರ್ತಾರಲ್ಲ. ನಿಮ್ಮ ಮಗಳ ಮೇಲೆ ಚಾಡಿ ಅಲ್ರಿ ಇದು. ಆದರ ಯುಗಾದಿಗೆ ಎಲ್ಲರ ಮುಂದ ಅಂದರಲ್ಲ: "ರಾಯದುರ್ಗದ ಬಟ್ಟೆ ಅಂಗಡಿ ಮನಿ ಹುಡುಗಿ, ತತ್ತಿ ಕಂಡರೂ ಹೆದರ್ತಾಳ. ಮರಿಗಳಿಗೆ ಹೆಸರಿಡೋಳು ಕುರಿ ಬೇಯಿಸ್ತಾಳೇನು? ಇವಳು ಈ ಮನಿಗೆ ಎಂದಿದ್ದರೂ ನೆಂಟಳೇ." ನೆಂಟಳು! ನಾನೂ ಅಂದುಬಿಟ್ಟೆ, ನನ್ನ ಕೈಯಾರೆ ಮಟನ್ ಮಾಡಿ ಬಡಿಸ್ತೀನಿ ಅಂತ. ಜೀವಮಾನದಾಗ ಮೊದಲ ಸಲ ಜೋರಾಗಿ ಮಾತಾಡಿದ್ದು... ಅದೂ ಇಂಥ ಮಾತು!

ಸಾರು ಮಾಡಿದರ ಅವರು ತಪ್ಪು ಹಿಡೀತಾರ. ಇದು ಹೆಂಗಿರಬೇಕಂತ ಗುಮ್ಮಘಟ್ಟದಾಗ ಯಾರಿಗೆ ಗೊತ್ತೈತಿ? ... ಹಂಗಲ್ರಿ. ಏನೋ, ಹೊಸಾದಿರಲಿ ಅಂತ...

ಮೆತ್ತಗದಾವ? ಸಣ್ಣಗ ಕೊಚ್ಚಿದ ಕೈಮ, ಅದಕ್ಕ. ಅರ್ಧ ಕೇಜಿ, ನಿಮ್ಮ ಮಗನೇ ತಂದು ಇಟ್ಟರು, ನೀವೇ ನೋಡೀರಲ್ಲ. ಎಲುಬಿಲ್ಲ, ನಾರಿಲ್ಲ, ಜಿಡ್ಡಿಲ್ಲ... ವಾಸನೀನಾ? ಈ ತರದ್ದಕ್ಕ ವಾಸನಿ ಬರಂಗಿಲ್ರಿ. ಚಳಿ ದೇಶ ನೋಡ್ರಿ ಅದು.

ಯಾಕ ಬಾಗಲ ಕಡೆ ನೋಡ್ತೀರಿ? ಕರಿಯಾನ್ನಾ? ನಾಯಿ ಪಾಪ, ಬಿಸಿಲಿಗೆ ಮಲಗೈತಿ ಬಿಡ್ರಿ... ಹೌದು, ಮಟನ್ ಬೇಯೋ ದಿನ ಹೊಸ್ತಿಲು ಬಿಡಂಗಿಲ್ಲ ಅದು... ಹೊಟ್ಟಿ ಉಬ್ಬೈತಾ? ಎಲ್ಲಿ... ನನಗೇನೂ ಕಾಣವಲ್ದು...

ಅತ್ತೆಮ್ಮಾ, ಏನಾದರೂ ಅನ್ರಿ. ಬೇಕಾದರ ಬೈರಿ. ಹಿಂಗ ಸುಮ್ಮನೆ ಅಗೀತಾ ಕೂತರ...

ಮಟನ್ ಕವರ್ ಬಿಚ್ಚಿದೆ. ಎರಡು ಬೆರಳು ಮುಟ್ಟಿಸಿದೆ, ಅಷ್ಟೇ. ತಣ್ಣಗಿತ್ತು. ಕೈ ತಾನಾಗೇ ಹಿಂದಕ್ಕ ಬಂತು. ಎದುರಿಗೆ ಕರಿಯಾ ಬಾಲ ಅಲ್ಲಾಡಿಸ್ಕೊಂತ ನಿಂತಿತ್ತು... ನಾನು ಬೇರೆ ಕಡೆ ಮುಖ ತಿರುಗಿಸಿದೆ. ತಿರುಗಿ ನೋಡೋದ್ರಾಗ ಕವರೂ ನೆಕ್ಕಿತ್ತು. ಆಮೇಲೆ... ಮೀಲ್ ಮೇಕರ್. ಹೌದ್ರಿ, ಕಿರಾಣಿ ಅಂಗಡಿ ಸೋಯಾ ಮೀಲ್ ಮೇಕರ್! ಬಿಸಿನೀರಾಗ ನೆನೆಸಿ, ಹಿಂಡಿ, ರುಬ್ಬಿದ್ದು.

ಆಟೋ ಸಪ್ಪಳ... ಬಂದೇಬಿಟ್ಟರು! ಅತ್ತೆಮ್ಮಾ, ನಿಮ್ಮ ಕಾಲು ಹಿಡೀತೀನಿ, ಒಂದೇ ಮಾತು. ಪುಟ್ಟಕ್ಕ ಕೇಳಿದರ "ನಮ್ಮ ಮಂದೆ ಕುರೀನೇ" ಅಂದುಬಿಡ್ರಿ. ನಿಮ್ಮ ಬಾಯಿಂದ ಬಂದರ ಯಾರೂ ಎದುರು ಮಾತಾಡಂಗಿಲ್ಲ... ಅಯ್ಯೋ, ಇನ್ನೊಂದ್ಯಾಕ ಬಾಯಿಗೆ ಹಾಕ್ಕೊಂಡ್ರಿ? ಈಗ ಬಲಗಣ್ಣೂ ಮುಚ್ಚಿದರ ನಾನೇನಂತ ತಿಳಕೊಳ್ಳಲಿ?

ಬರ್ರಿ ಪುಟ್ಟಕ್ಕಾ, ಬರ್ರಿ! ಕಾಲು ತೊಳಕೊಳ್ರಿ, ನೀರು ಅಲ್ಲೇ ಐತಿ...

ಅತ್ತೆಮ್ಮಾ... ಹಂಗೇ ಅಂತೀರಲ್ಲ?