ಹೆಚ್ಚಿಗೆ ಎದ್ದ ಕೈ

ಕೆಲಸ ಮುಗಿಸಿ ಟೊಲೀಡೊದ ಸಿಟಿ ಬಸ್ಸಿನಲ್ಲಿ ತೂಕಡಿಸುತ್ತಿದ್ದ ವೆರ್ನಾಗೆ ಮಗಳು ಟೆಸ್‌ಳ ದನಿ ಕೇಳಿ ಎಚ್ಚರವಾಯಿತು. ಮುಂದಿನ ಸೀಟಿನಲ್ಲಿ ಗೆಳತಿ ಜೋಲೀನ್ ಜೊತೆ ಕೂತಿದ್ದ ಹುಡುಗಿ ಅಮ್ಮನನ್ನು ಗಮನಿಸಿರಲಿಲ್ಲ.

“ನಿಮ್ಮ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಿ, ಊಟ ಇಲ್ದೆ ಮಲಗಿದ್ವಿ ಅಂತ ಎಲ್ಲಾರೂ ಕೈ ಎತ್ತಿದ್ರಂತಲ್ಲೇ?” ಜೋಲೀನ್ ಕೇಳಿದಳು.

“ಹಾಗಲ್ವೇ ಮಾರಾಯ್ತಿ. ಒಬ್ಬೊಬ್ರೂ ಗುಟ್ಟಾಗಿ ನಾಣ್ಯ ಚಿಮ್ಮೋದು. ಹೆಡ್ಡು ಬಿದ್ರೆ ಸುಮ್ನೆ ಕೈ ಎತ್ತೋದು. ಟೇಲು ಬಿದ್ರೆ, ಈ ವಾರ ಹಸ್ಕೊಂಡು ಮಲಗಿದ್ದವ್ರು ಮಾತ್ರ ಎತ್ಬೇಕು.”

“ಮತ್ತೆ ಹಸಿದವ್ರು ಯಾರು ಅಂತ ಹೇಗೆ ಗೊತ್ತಾಗತ್ತೆ?”

“ಯಾರು ಅಂತ ಗೊತ್ತಾಗಲ್ಲ, ಎಷ್ಟು ಜನ ಅಂತ ಗೊತ್ತಾಗತ್ತೆ. ಹೆಚ್ಚುಕಮ್ಮಿ ಅರ್ಧ ಕ್ಲಾಸು ಹೆಡ್ಡಿಗೇ ಎತ್ತತ್ತೆ. ಅದಕ್ಕಿಂತ ಹೆಚ್ಚಿಗೆ ಎದ್ದ ಕೈ ಹಸಿದವ್ರದ್ದು. ಅದರ ಎರಡರಷ್ಟು ಅಂದ್ರೆ ಒಟ್ಟು ಲೆಕ್ಕ.”

“ನೀನೂ ಎತ್ತಿದ್ಯಾ? ಹೆಡ್ಡು ತಾನೇ?”

ಟೆಸ್ ದನಿ ತಗ್ಗಿಸಿದಳು. “ಟೇಲು. ಯಾರ ಹತ್ರಾನೂ ಬಾಯಿ ಬಿಡ್ಬೇಡ.”

“ಅಯ್ಯೋ! ನಿಮ್ಮಮ್ಮಂಗೆ ಹೇಳ್ಬಾರ್ದಾ?”

“ಅಮ್ಮ ಕೆಲಸದಲ್ಲೇ ತಿಂದು ಬಂದೆ ಅಂತಾಳೆ. ನಾನು ನಿಮ್ಮನೇಲಿ ತಿಂದೆ ಅಂತೀನಿ. ಇರೋದು ತಮ್ಮಂಗೆ ಆಗತ್ತೆ.”

“ನಮ್ಮನೇಲಾ? ಯಾವತ್ತು ತಿಂದೆ ನೀನು?”

“ಅಮ್ಮ ನಂಬ್ತಾಳೆ ಬಿಡೆ. ಏಳು, ಸ್ಟಾಪ್ ಬಂತು.”

ಇಬ್ಬರೂ ಇಳಿದರು. ವೆರ್ನಾಳ ಸ್ಟಾಪೂ ಅದೇ. ಅವಳು ತಲೆ ತಗ್ಗಿಸಿ, ಬಸ್ಸು ಹೊರಡುವವರೆಗೂ ಕೂತೇ ಇದ್ದಳು.