ಕೇಳುದ್ರೆ ತೆಗೀತಾರೆ

ಹಲಗೂರು ಬಸ್ಸಿಗೆ ಕಾಯುತ್ತಿದ್ದ ಸಾಕಮ್ಮನ ಬೆನ್ನ ಹಿಂದೆಯೇ ಮಾತು ನಡೆದಿತ್ತು. ಒಬ್ಬಳು ಆಶಾ ಕಾರ್ಯಕರ್ತೆ ವನಜಾ. ಇನ್ನೊಬ್ಬಳು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲೇ ಮಲಗಿ ಏಳುವ, ಇಪ್ಪತ್ತು ದಾಟಿದ ಹುಡುಗಿ. ನಯವಾಗಿ ಮಾತಾಡುವವರನ್ನು ಸಾಕಮ್ಮ ನಂಬುವವಳಲ್ಲ, ತಿರುಗದೆ ಕಿವಿಗೊಟ್ಟಳು.

“ಸದ್ಯಕ್ಕೆ ಮಗು ಬ್ಯಾಡ ಅಂದ್ರೆ ಮಾತ್ರೆ ಅದೆ ಕಣವ್ವ. ದಿನಾ ಒಂದು.”

“ಎಲ್ಲಿ ಮಡಿಕ್ಕಳ್ಳಿ? ಓದ್ ವಾರ ಬ್ಯಾಗೇ ಕದ್ದೋದ್ರು.”

“ಅಂಗಾರೆ ಕಾಪರ್-ಟಿ ಆಕಿಸ್ಕೊ. ಒಳಗಿರ್ತದೆ, ಯಾರೂ ಕದಿಯಕ್ಕಾಗಕಿಲ್ಲ.”

“ನಮ್ಮಂತೋರ್ನೇ ಯಾಕಕ್ಕ ಉಡಿಕ್ಕಂಡ್ ಬತ್ತೀರಿ?”

“ಬಲವಂತ ಇಲ್ಲ ಕಣವ್ವ. ನಾನೂ ಆಕಿಸ್ಕೊಂಡಿವ್ನಿ.”

“ಮುಂದಕ್ಕೆ ಮಗು ಬೇಕು ಅನ್ನಿಸುದ್ರೆ?”

“ಆಸ್ಪತ್ರೆಗೋಗಿ ಕೇಳುದ್ರೆ ತೆಗೀತಾರೆ.”

“ನಾನ್ ಕೇಳುದ್ರೂವೆ?”

ವನಜಾ ದನಿ ತಗ್ಗಿಸಿದಳು. “ನಾನೇ ಜೊತೇಲಿ ಬತ್ತೀನಿ ಬುಡು.”

“ನೀನ್ ತೆಗೆಸ್ಕಳಕ್ಕೆ ಓದಾಗ ಯಾರ್ನ ಜೊತೇಲಿ ಕರ್ಕೊಂಡೋಯ್ತೀಯಕ್ಕ?”

ಸಾಕಮ್ಮ ತಿರುಗುವಷ್ಟರಲ್ಲಿ ಹುಡುಗಿ ಹೊದಿಕೆಯ ಗಂಟು ಕಂಕುಳಲ್ಲಿಟ್ಟುಕೊಂಡು ಹೊರಟಾಗಿತ್ತು. ವನಜಾ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತಳು. ಹುಡುಗಿಗೆಂದು ಕೈಯಲ್ಲಿ ಹಿಡಿದಿದ್ದ ಆಸ್ಪತ್ರೆ ಕಾರ್ಡಿನಲ್ಲಿ ಇನ್ನೂ ಹೆಸರು ಬರೆದಿರಲಿಲ್ಲ.