ಚೌಕಶಿಗೆ ಸಿಕ್ಕ ದೆವ್ವ

ಔರಾದಿಗೆ ಹೊರಟ ಬಸ್ಸಿನಲ್ಲಿ ಎಕಂಬಾದ ಕೇಶರಬಾಯಿ ಪಕ್ಕದಲ್ಲಿದ್ದ ಮಗಳು ಮಾಯಾಳ ಮುಖ ನೋಡಲಾಗದೆ ಕಿಟಕಿಯನ್ನೇ ನೋಡುತ್ತಿದ್ದಳು. ಹಿಂದಿನ ಸೀಟಿಗೆ ಎಲ್ಲವೂ ಕೇಳುತ್ತಿತ್ತು.

“ವಾಯುಪಡೆ ನೌಕರಿಗಿ ಪೊಲೀಸ್ರು ಊರಾಗ ನನ್ನ ಬಗ್ಗೆ ಮಂದಿನ್ನ ಕೇಳಿ ಚೌಕಶಿ ಮಾಡ್ತಾರಂತ ಹೇಳಿದ್ದಿಲ್ಲೇನವ್ವಾ?”

“ಹೇಳಿದ್ದಿ.”

“ಮನಸ್ಸಿನ ಡಾಕ್ಟರ್ ಹತ್ರ ಗುಳಗಿ ತಗೊಂಡು ಆರಾಮಾದದ್ದು ನಾನೇ ವಾಯುಪಡೆಯವರಿಗಿ ತಿಳಿಸೀನಿ. ಅದಕ್ಕ ಅವರು ಬ್ಯಾಡ ಅಂದಿಲ್ಲ. ಈಗ ಓಣಿ ಮಂದಿ ನನಗ ದೆವ್ವ ಬಡದದ ಅಂತ ಪೊಲೀಸ್ರಿಗಿ ಹೇಳ್ಯಾರ!”

“ಡಾಕ್ಟರ್ ಅಂದ್ರ ಹುಚ್ಚಿ ಅಂತಾರಂತ ನಾನೇ ಓಣಿ ತುಂಬ ದೆವ್ವ ಅಂದಿದ್ದೆ, ಮಗಾ. ದೆವ್ವ ಬಿಟ್ಟ ಹುಡಗಿಗಿ ವರ ಸಿಗ್ತದ ಅಂತ…”

“ವರ ಸಿಗ್ತದ. ನೌಕರಿ? ನಾ ಖರೇ ಹೇಳಿದ್ರೂ ಏನೋ ಮುಚ್ಚಿಟ್ಟೀನಿ ಅಂತ ಅವರಿಗಿ ಅನುಮಾನ ಬಂದದ.”

ಕೇಶರಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು.

“ಕಂಡಕ್ಟರ್, ಪೊಲೀಸ್ ಠಾಣೆ ಮುಂದ ನಿಲ್ಲಸ್ರಿ.”

“ಅಲ್ಲಿ ಏನಂತ ಹೇಳ್ತಿ ಅವ್ವಾ?”

“ನನ್ನ ಮಗಳಿಗಿ ದೆವ್ವ ಬಡದಿಲ್ಲರಿ ಸಾಹೇಬ್ರ, ನನಗ ಓಣಿ ಅಂಜಿಕಿ ಬಡದಿತ್ತು ಅಂತೀನಿ. ನಡಿ.”

ತಾಯಿ ಮೊದಲು ಇಳಿದಳು. ಮಗಳು ಅವಳ ಚೀಲ ಹಿಡಿದುಕೊಂಡು ಹಿಂದೆ ಇಳಿದಳು.